ಓದಲಾರದ ಮಗುವೂ ನಮ್ಮ ಶಾಲೆಯ ಮಗುವೇ

(ಪಾಠಭಾಗ: ವಿಮೋಚನಕಾಂಡ ೪ನೆಯ ಅಧ್ಯಾಯ, ೧೦ರಿಂದ ೧೬ನೆಯ ವಚನಗಳು. ಕುಟುಂಬಪ್ರಾರ್ಥನೆಯ ಸಮಯದಲ್ಲಿ ಓದು ಬಲ್ಲವರೊಬ್ಬರು ಓದಿ ಮಿಕ್ಕವರು ಕೇಳತಕ್ಕದ್ದು.)



ಕಳೆದ ಬೆಳೆಹಬ್ಬದ ಆರಾಧನೆಯು ಮುಗಿದು ಜನರೆಲ್ಲರೂ ಅಂಗಳದಲ್ಲಿ ನಿಂತು ಕುಶಲವನ್ನು ವಿಚಾರಿಸಿಕೊಳ್ಳುತ್ತಿರುವಾಗ, ನೆರೆಯ ಹಳ್ಳಿಯಲ್ಲಿ ಗಾರೆಕೆಲಸ ಮಾಡುವ ಒಬ್ಬನು ತನ್ನ ಎಂಟು ವರುಷದ ಮಗಳನ್ನು ಕೈಹಿಡಿದುಕೊಂಡು ನನ್ನ ಬಳಿಗೆ ಬಂದನು. ಇಪ್ಪತ್ತೈದು ವರುಷಗಳ ಹಿಂದೆ ಆತನು ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗನು. ಆಗ ನಡೆದದ್ದನ್ನು ಮರೆಮಾಡಿ ಈ ಪಾಠವನ್ನು ಬರೆಯುವದು ನನಗೆ ನ್ಯಾಯವಾಗಿ ತೋರುವದಿಲ್ಲ.

ಆ ಹುಡುಗನು ಮೂರನೆಯ ತರಗತಿಯ ಪುಸ್ತಕವನ್ನು ಗಿಣಿಯಂತೆ ಒಪ್ಪಿಸುತ್ತಿದ್ದನು. ಒಂದು ದಿವಸ ನಾನು ಪುಟವನ್ನು ತಿರುವಿ ಕೈಗೆ ಕೊಟ್ಟೆನು. ಅವನಾದರೋ ಕಣ್ಣನ್ನು ಹೊಸ ಪುಟದ ಮೇಲೆ ಇಟ್ಟುಕೊಂಡು ಹಿಂದಿನ ಪುಟದ ಮಾತುಗಳನ್ನೇ ಹೇಳುತ್ತಾ ಹೋದನು. ತರಗತಿಯೆಲ್ಲಾ ನಕ್ಕಿತು. ಅಕ್ಕನು ಓದುವದನ್ನು ಕೇಳಿ ಕೇಳಿ ಪಾಠಗಳನ್ನೆಲ್ಲಾ ಬಾಯಿಪಾಠ ಮಾಡಿಕೊಂಡಿದ್ದನೇ ಹೊರತು ಅವನಿಗೆ ಒಂದು ಸಾಲನ್ನಾದರೂ ಓದಲು ಬರುತ್ತಿರಲಿಲ್ಲ. ನಾನು ಅದನ್ನು ಮೋಸವೆಂದು ಹೆಸರಿಟ್ಟು, ಅವನನ್ನು ಬಾಗಿಲಿನ ಹೊರಗೆ ನಿಲ್ಲಿಸಿ, ಕಳ್ಳತನದ ವಿಷಯವಾದ ಆಜ್ಞೆಯನ್ನು ಹತ್ತು ಸಾರಿ ಬರೆದುಕೊಂಡು ಬಾ ಎಂದು ಹೇಳಿದೆನು. ಬರೆಯಲಾರದವನಿಗೆ ಬರೆಯುವ ದಂಡನೆ! ಕ್ರಿಸ್ಮಸ್ ರಜೆಯು ತೀರಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ನಾನೂ ಅವನನ್ನು ಹುಡುಕಿಕೊಂಡು ಹೋಗಲಿಲ್ಲ.

ಈಗ ಆತನು ಒಂದು ಗೋಡೆಗೆ ಎಷ್ಟು ಇಟ್ಟಿಗೆ ಹಿಡಿಯುತ್ತದೆಂಬದನ್ನು ಕಾಗದವಿಲ್ಲದೆ ನಿಂತಲ್ಲೇ ಲೆಕ್ಕ ಹಾಕಿ ಹೇಳುವಂಥ ಕೆಲಸಗಾರನಾಗಿದ್ದಾನೆ. ಮಗಳನ್ನು ನನ್ನ ಮುಂದೆ ನಿಲ್ಲಿಸಿ ಆತನು ಮೆಲ್ಲಗೆ ಕೇಳಿದ್ದೇನಂದರೆ: “ಮಾಸ್ತರರೇ, ಇವಳೂ ನನ್ನ ಹಾಗೆಯೇ ಪುಸ್ತಕವನ್ನು ಬಾಯಿಪಾಠ ಮಾಡುತ್ತಾಳೆ. ಇವಳು ಕಳ್ಳಿಯಲ್ಲ, ಅಲ್ಲವೇ?”

ಆ ಪ್ರಶ್ನೆಗೆ ಕೊಡತಕ್ಕ ಉತ್ತರವೇ ಈ ತಿಂಗಳಿನ ಪಾಠವಾಗಿರುತ್ತದೆ. ನಮ್ಮ ಪ್ರತಿಯೊಂದು ಪಾಠಶಾಲೆಯಲ್ಲಿಯೂ ಇಂಥಾ ಮಕ್ಕಳು ಇದ್ದಾರೆ. ಅವರು ಸೋಮಾರಿಗಳಲ್ಲ, ಮಂದಮತಿಗಳಲ್ಲ, ಮೋಸಗಾರರೂ ಅಲ್ಲ. ಅವರಿಗೆ ಬೇರೆ ದಾರಿಯಿಂದ ಕಲಿಸುವದು ನಮ್ಮ ಕರ್ತವ್ಯ.

೧. ಈ ನ್ಯೂನತೆಯು ಎಂಥಾದ್ದು?

ಚೆನ್ನಾಗಿ ಮಾತಾಡುವ, ಹೇಳಿದ್ದನ್ನು ಗ್ರಹಿಸುವ, ಕಣ್ಣು ಕಿವಿಗಳು ಸರಿಯಾಗಿರುವ ಒಂದು ಮಗುವು ತಕ್ಕ ಪಾಠ ದೊರೆತರೂ ಓದುವದರಲ್ಲಿಯೋ ಬರೆಯುವದರಲ್ಲಿಯೋ ಲೆಕ್ಕದಲ್ಲಿಯೋ ವರುಷಗಟ್ಟಲೆ ಹಿಂದೆ ಬಿದ್ದರೆ, ಅದನ್ನು ಈಗಿನ ತಜ್ಞರು ನಿರ್ದಿಷ್ಟ ಕಲಿಕಾ ನ್ಯೂನತೆಯೆಂದು ಕರೆಯುತ್ತಾರೆ. ಓದಿನ ತೊಡಕಿಗೆ ಡಿಸ್ಲೆಕ್ಸಿಯಾ ಎಂತಲೂ, ಬರವಣಿಗೆಯ ತೊಡಕಿಗೆ ಡಿಸ್ಗ್ರಾಫಿಯಾ ಎಂತಲೂ, ಲೆಕ್ಕದ ತೊಡಕಿಗೆ ಡಿಸ್ಕ್ಯಾಲ್ಕುಲಿಯಾ ಎಂತಲೂ ಹೆಸರುಂಟು. ಇವುಗಳಲ್ಲಿ ಓದಿನ ತೊಡಕೇ ಹೆಚ್ಚು ಸಾಮಾನ್ಯವಾದದ್ದು; ಈ ಪಾಠದಲ್ಲಿ ಮುಖ್ಯವಾಗಿ ಅದನ್ನೇ ವಿಚಾರಿಸುವೆವು.

ಮನುಷ್ಯನಿಗೆ ಮಾತು ಹುಟ್ಟಿನೊಂದಿಗೆ ಬಂದ ವರ. ಓದಾದರೋ ಕಲಿತು ಸಂಪಾದಿಸತಕ್ಕದ್ದು. ಕಿವಿಗೆ ಕೇಳುವ ಧ್ವನಿಯನ್ನು ಬಿಡಿಬಿಡಿಯಾಗಿ ಗುರುತಿಸಿ, ಅದನ್ನು ಕಣ್ಣಿಗೆ ಕಾಣುವ ಗುರುತಿನೊಂದಿಗೆ ಕೂಡಿಸುವ ಕೆಲಸವನ್ನು ಮಿದುಳು ಮಾಡಬೇಕು. ಕೆಲವರ ಮಿದುಳಿನಲ್ಲಿ ಈ ಕೂಡಿಸುವ ಕೆಲಸವು ನಿಧಾನವಾಗಿಯೂ ಕಷ್ಟದಿಂದಲೂ ನಡೆಯುತ್ತದೆ. ಇದು ಅನೇಕ ವೇಳೆ ವಂಶದಲ್ಲಿ ಹರಿದು ಬರುವದುಂಟು. ಆದದರಿಂದಲೇ ಗಾರೆಕೆಲಸದ ಆ ತಂದೆಯು ತನ್ನ ಮಗಳಲ್ಲಿ ತನ್ನನ್ನೇ ಕಂಡನು. ಇದಕ್ಕೂ ಬುದ್ಧಿಯ ಹೆಚ್ಚು ಕಡಿಮೆಗೂ ಸಂಬಂಧವಿಲ್ಲ. ವೈದ್ಯರು ಉಪಯೋಗಿಸುವ ಒಂದು ಮುಖ್ಯ ಗ್ರಂಥವು ೨೦೧೩ನೆಯ ಇಸವಿಯಲ್ಲಿ ತಿಳಿಸಿದ ಪ್ರಕಾರ, ಶಾಲೆಯ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ೫ರಿಂದ ೧೫ ಮಂದಿಗೆ ಇಂಥಾ ತೊಡಕುಗಳು ಯಾವ ಭಾಷೆಯವರಲ್ಲಾದರೂ ಇರುತ್ತವೆ. ಅಂದರೆ ನಾಲ್ವತ್ತು ಮಕ್ಕಳಿರುವ ಒಂದು ತರಗತಿಯಲ್ಲಿ ಇಬ್ಬರಾದರೂ ಇರಬಹುದೆಂದು ಉಪಾಧ್ಯಾಯರು ಎಣಿಸಿಕೊಳ್ಳತಕ್ಕದ್ದು.

೨. ಇದು ಹೊಸದಾಗಿ ಹುಟ್ಟಿದ ಸಂಗತಿಯಲ್ಲ

“ನಮ್ಮ ಕಾಲದಲ್ಲಿ ಇಂಥಾದ್ದೇನೂ ಇರಲಿಲ್ಲ” ಎಂದು ಹೇಳುವ ಹಿರಿಯರುಂಟು. ಇತ್ತು, ಆದರೆ ಅದನ್ನು ದಡ್ಡತನವೆಂದು ಕರೆದು ಬಿಟ್ಟುಬಿಡುತ್ತಿದ್ದೆವು. ಜರ್ಮನಿ ದೇಶದ ಸ್ಟುಟ್‌ಗಾರ್ಟ್ ಪಟ್ಟಣದ ಕಣ್ಣಿನ ವೈದ್ಯನಾದ ರುಡಾಲ್ಫ್ ಬರ್ಲಿನನು ೧೮೮೭ರಲ್ಲಿಯೇ ಡಿಸ್ಲೆಕ್ಸಿಯಾ ಎಂಬ ಹೆಸರನ್ನು ಉಪಯೋಗಿಸಿದನು; ಆದರೆ ಅವನು ನೋಡಿದ್ದು ಮಿದುಳಿಗೆ ಹಾನಿಯಾಗಿ ಓದನ್ನು ಕಳೆದುಕೊಂಡ ದೊಡ್ಡವರನ್ನು. ೧೮೯೬ರಲ್ಲಿ ಇಂಗ್ಲೆಂಡಿನ ಸೀಫರ್ಡ್ ಎಂಬ ಊರಿನ ವೈದ್ಯನಾದ ಪ್ರಿಂಗಲ್ ಮಾರ್ಗನನು ಹುಟ್ಟಿನಿಂದಲೇ ಆ ತೊಡಕುಳ್ಳ ಒಬ್ಬ ಹುಡುಗನ ವೃತ್ತಾಂತವನ್ನು ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದನು.

ಆ ಹುಡುಗನ ಹೆಸರು ಪರ್ಸಿ, ವಯಸ್ಸು ೧೪. ಅವನು ಚುರುಕಾದವನು, ಆಟದಲ್ಲಿ ಯಾರಿಗೂ ಕಡಿಮೆಯಿಲ್ಲದವನು. ಏಳು ವರುಷದವನಾಗಿದ್ದಾಗಿನಿಂದ ಅವನಿಗೆ ಓದು ಕಲಿಸಲು ಬಹಳವಾಗಿ ಪ್ರಯಾಸಪಟ್ಟಿದ್ದರೂ ಚಿಕ್ಕ ಚಿಕ್ಕ ಮಾತುಗಳಲ್ಲಿಯೂ ಎಡವುತ್ತಿದ್ದನು. ತನ್ನ ಸ್ವಂತ ಹೆಸರನ್ನೇ ಅಕ್ಷರ ಹಿಂದುಮುಂದಾಗಿ ಪ್ರೆಸಿ ಎಂದು ಬರೆದು, ತಪ್ಪನ್ನು ತೋರಿಸುವ ತನಕ ತಿಳಿಯದೆ ಇದ್ದನು. ಆದರೆ ೭೪೯ನ್ನು ೮೬೭ರಿಂದ ಗುಣಿಸೆಂದು ಹೇಳಿದಾಗ ಬೇಗನೆಯೂ ತಪ್ಪಿಲ್ಲದೆಯೂ ಗುಣಿಸಿದನು. ಪಾಠಗಳೆಲ್ಲಾ ಬಾಯಿಮಾತಿನಿಂದ ನಡೆಯುವದಾದರೆ ಶಾಲೆಯಲ್ಲಿ ಇವನನ್ನು ಮೀರಿಸುವವರು ಯಾರೂ ಇರುವದಿಲ್ಲವೆಂದು ಅವನ ಉಪಾಧ್ಯಾಯನು ವೈದ್ಯನಿಗೆ ಹೇಳಿದ್ದನು.

ಇದನ್ನು ಓದಿದಾಗ ನನ್ನ ತರಗತಿಯ ಹುಡುಗನು ನನ್ನ ಕಣ್ಣ ಮುಂದೆ ನಿಂತನು. ಒಂದು ಇಡೀ ಪುಸ್ತಕವನ್ನು ಕಿವಿಯಿಂದಲೇ ಕೇಳಿ ಹೃದಯದಲ್ಲಿ ಇಟ್ಟುಕೊಂಡವನು ದಡ್ಡನಾಗಿರುವದು ಹೇಗೆ? ಸೀಫರ್ಡಿನ ಉಪಾಧ್ಯಾಯನು ೧೮೯೬ರಲ್ಲಿ ಕಂಡದ್ದನ್ನು ನಾನು ಅವನಿಗಿಂತ ನೂರು ವರುಷ ತಡವಾಗಿ ಹುಟ್ಟಿದ ಕಾಲದಲ್ಲಿಯೂ ಕಾಣದೆ ಹೋದೆನು.

೩. ನಮ್ಮ ಕನ್ನಡ ಅಕ್ಷರಗಳಲ್ಲಿರುವ ಕಷ್ಟ

ಕನ್ನಡವನ್ನು ಬರೆದಂತೆಯೇ ಓದುವೆವು, ಆದದರಿಂದ ಕನ್ನಡ ಮಕ್ಕಳಿಗೆ ಈ ತೊಡಕು ಬಾರದು ಎಂದು ಕೆಲವರು ಎಣಿಸುತ್ತಾರೆ. ಧ್ವನಿಗೂ ಅಕ್ಷರಕ್ಕೂ ಹೊಂದಿಕೆಯಿರುವದು ನಿಜವಾದ ಸಹಾಯವೇ. ಆದರೂ ಹೊರೆಯು ಬೇರೊಂದು ಕಡೆಯಲ್ಲಿ ಇದೆ. ವರ್ಣಮಾಲೆಯಲ್ಲಿ ೪೯ ಅಕ್ಷರಗಳು. ೩೪ ವ್ಯಂಜನಗಳ ಕಾಗುಣಿತವನ್ನು ಕೂಡಿಸಿದರೆ ಸುಮಾರು ೫೦೦ ರೂಪಗಳು. ಅದರ ಮೇಲೆ ಒತ್ತಕ್ಷರಗಳು ಬೇರೆ. ಬ ಎಂಬದಕ್ಕೂ ಭ ಎಂಬದಕ್ಕೂ, ದ ಎಂಬದಕ್ಕೂ ಧ ಎಂಬದಕ್ಕೂ ಒಂದು ಚಿಕ್ಕ ಗೆರೆಯಷ್ಟೇ ಭೇದ. ವ, ಪ, ಮ, ಷ ಇವು ಒಂದೇ ಮನೆಯ ಮಕ್ಕಳಂತೆ ಒಂದನ್ನೊಂದು ಹೋಲುತ್ತವೆ. ಸೂರ್ಯ ಎಂದು ಹೇಳುವಾಗ ರಕಾರದ ಧ್ವನಿಯು ಯಕಾರಕ್ಕಿಂತ ಮೊದಲು ಕೇಳುತ್ತದೆ. ಬರೆಯುವಾಗಲೋ ಅದರ ಗುರುತನ್ನು ಯಕಾರದ ತರುವಾಯ ಇಡುತ್ತೇವೆ. ದೊಡ್ಡವರಾದ ನಾವು ಇದನ್ನು ಯೋಚಿಸುವದೇ ಇಲ್ಲ. ಮಗುವಾದರೋ ಪ್ರತಿಯೊಂದನ್ನೂ ಯೋಚಿಸಬೇಕು.

ಸೋನಾಲಿ ನಾಗ್ ಎಂಬ ವಿದ್ವಾಂಸೆಯು ಕನ್ನಡ ಓದಲು ಕಲಿಯುವ ಮಕ್ಕಳನ್ನು ಪರೀಕ್ಷಿಸಿ ೨೦೦೭ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಇಂಗ್ಲಿಷ್ ಕಲಿಯುವ ಮಕ್ಕಳು ತಮ್ಮ ೨೬ ಅಕ್ಷರಗಳನ್ನು ಮೊದಲನೆಯ ವರುಷಗಳಲ್ಲಿಯೇ ಮುಗಿಸಿಬಿಡುವಾಗ, ಕನ್ನಡದ ಮಕ್ಕಳು ಅಕ್ಷರರೂಪಗಳನ್ನು ಪೂರ್ತಿಯಾಗಿ ವಶಮಾಡಿಕೊಳ್ಳುವ ಕೆಲಸವು ಮುಂದಿನ ತರಗತಿಗಳ ವರೆಗೂ ಸಾಗುತ್ತದೆಂದು ಅದರಿಂದ ತಿಳಿದುಬಂತು. ಸಾಮಾನ್ಯ ಮಗುವಿಗೇ ಇಷ್ಟು ಕಾಲ ಹಿಡಿಯುವದಾದರೆ ತೊಡಕುಳ್ಳ ಮಗುವಿಗೆ ಎಷ್ಟು ತಾಳ್ಮೆ ಬೇಕೆಂಬದನ್ನು ಯೋಚಿಸಿರಿ. ಮೊದಲನೆಯ ತರಗತಿಯಲ್ಲಿ ಕಾಗುಣಿತ ಮುಗಿಯಿತು ಎಂದು ಪುಸ್ತಕದಲ್ಲಿ ಗುರುತು ಹಾಕಿದ ಮಾತ್ರಕ್ಕೆ ಮಗುವಿನ ಮನಸ್ಸಿನಲ್ಲಿ ಅದು ಮುಗಿದಂತಾಗಲಿಲ್ಲ.

೪. ಗುರುತಿಸುವದು ಹೇಗೆ?

ಮೂರನೆಯ ತರಗತಿಗೆ ಬಂದ ಮಗುವಿನಲ್ಲಿ ಈ ಕೆಳಗಿನ ಲಕ್ಷಣಗಳಲ್ಲಿ ಹಲವು ಒಟ್ಟಾಗಿಯೂ ಬಹುಕಾಲವಾಗಿಯೂ ಕಂಡರೆ ಉಪಾಧ್ಯಾಯರು ಎಚ್ಚರಗೊಳ್ಳಬೇಕು. ಬಾಯಿಂದ ಕಥೆಯನ್ನು ಚೆನ್ನಾಗಿ ಹೇಳಿ ಪುಸ್ತಕ ತೆರೆದ ಕೂಡಲೆ ಮೌನವಾಗುವದು. ಮೊದಲನೆಯ ಅಕ್ಷರವನ್ನು ನೋಡಿ ಮಿಕ್ಕದ್ದನ್ನು ಊಹಿಸಿ ಹೇಳುವದು. ನಿನ್ನೆ ಗುರುತಿಸಿದ ಮಾತನ್ನು ಈ ಹೊತ್ತು ಹೊಸದರಂತೆ ನೋಡುವದು. ದೀರ್ಘವನ್ನೂ ಒತ್ತನ್ನೂ ಬಿಟ್ಟು ಬರೆಯುವದು. ಹಲಗೆಯ ಮೇಲಿನದನ್ನು ಅಂದವಾಗಿ ಚಿತ್ರದಂತೆ ನಕಲು ಮಾಡಿ, ತಾನು ಬರೆದದ್ದನ್ನು ತಾನೇ ಓದಲಾರದೆ ಇರುವದು. ಓದುವ ಸರದಿ ಬರುವ ಹೊತ್ತಿಗೆ ಹೊಟ್ಟೆನೋವೆಂದೋ ನೀರು ಬೇಕೆಂದೋ ಎದ್ದು ಹೋಗುವದು. ತುಂಟಾಟ ಮಾಡುವ ಹುಡುಗನು ಬೇಗನೆ ಕಣ್ಣಿಗೆ ಬೀಳುತ್ತಾನೆ. ಹಿಂದಿನ ಸಾಲಿನಲ್ಲಿ ಸದ್ದಿಲ್ಲದೆ ನಕಲು ಮಾಡುತ್ತಾ ಕುಳಿತ ಹುಡುಗಿಯಾದರೋ ಯಾರ ಕಣ್ಣಿಗೂ ಬೀಳದೆ ಐದು ವರುಷ ಕಳೆದುಬಿಡುತ್ತಾಳೆ. ಅವಳನ್ನು ವಿಶೇಷವಾಗಿ ನೋಡಿರಿ.

ಆದರೆ ಆತುರದಿಂದ ಹೆಸರಿಡಬಾರದು. ಮೊದಲು ಕಣ್ಣನ್ನೂ ಕಿವಿಯನ್ನೂ ಪರೀಕ್ಷೆ ಮಾಡಿಸಬೇಕು. ಮಗುವು ಕೂಲಿಗೆ ಹೋದ ತಂದೆತಾಯಿಗಳೊಂದಿಗೆ ಊರೂರು ತಿರುಗಿ ಪಾಠವನ್ನೇ ಕಳೆದುಕೊಂಡಿತೋ, ಮನೆಯಲ್ಲಿ ತುಳುವನ್ನೋ ಲಂಬಾಣಿಯನ್ನೋ ತೆಲುಗನ್ನೋ ಆಡುವದರಿಂದ ಕನ್ನಡವೇ ಅದಕ್ಕೆ ಹೊಸದೋ ಎಂಬದನ್ನು ವಿಚಾರಿಸಬೇಕು. ಇವು ಬೇರೆ ಕಾರಣಗಳು, ಇವುಗಳಿಗೆ ಬೇರೆ ಉಪಾಯಗಳುಂಟು. ನಿಶ್ಚಯವಾಗಿ ಹೇಳತಕ್ಕವರು ತಜ್ಞರೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಇಂಥಾ ಮಕ್ಕಳನ್ನು ಪರೀಕ್ಷಿಸುತ್ತಾರೆ. ಅಷ್ಟು ದೂರ ಹೋಗಲಾರದವರು ಜಿಲ್ಲಾ ಆಸ್ಪತ್ರೆಯಲ್ಲಿಯೂ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿಯೂ ಮೊದಲು ವಿಚಾರಿಸಿದರೆ ದಾರಿ ತಿಳಿಯುತ್ತದೆ. ಆದರೆ ತಜ್ಞರ ಕಾಗದ ಬರುವ ತನಕ ಸುಮ್ಮನಿರಬೇಕೆಂದಿಲ್ಲ; ಮುಂದೆ ಹೇಳುವ ರೀತಿಯ ಪಾಠವು ಯಾವ ಮಗುವಿಗೂ ಕೆಡುಕನ್ನು ಮಾಡದು.

೫. ಮೋಶೆಯಿಂದ ಕಲಿಯತಕ್ಕದ್ದು

ಈಗ ಪಾಠಭಾಗಕ್ಕೆ ಬರೋಣ. ದೇವರು ಮೋಶೆಯನ್ನು ಫರೋಹನ ಬಳಿಗೆ ಕಳುಹಿಸುವಾಗ, ತನ್ನ ನಾಲಿಗೆಯು ಮಂದವಾದದ್ದೆಂದು ಅವನು ಹಿಂಜರಿದನು. ಅವನ ತೊಡಕು ಮಾತಿನದು, ನಮ್ಮ ಮಕ್ಕಳದು ಓದಿನದು. ಎರಡನ್ನೂ ಒಂದೇ ಎಂದು ನಾನು ಹೇಳುವದಿಲ್ಲ. ಆದರೆ ದೇವರು ನಡೆದುಕೊಂಡ ರೀತಿಯನ್ನು ಲಕ್ಷ್ಯಕ್ಕೆ ತಂದುಕೊಳ್ಳಿರಿ. ನಾಲಿಗೆ ಮಂದವಾದದ್ದರಿಂದ ಬೇಡವೆಂದು ಮೋಶೆಯನ್ನು ತಳ್ಳಿಬಿಡಲಿಲ್ಲ. ಆ ಕ್ಷಣದಲ್ಲಿ ಅವನ ನಾಲಿಗೆಯನ್ನು ಅದ್ಭುತದಿಂದ ಮಾರ್ಪಡಿಸಿದನೆಂತಲೂ ಅಲ್ಲಿ ಬರೆದಿಲ್ಲ. ಅವನ ಜೊತೆಗೆ ಅಣ್ಣನಾದ ಆರೋನನನ್ನು ಕೊಟ್ಟನು. ಮಾತು ಮೋಶೆಗೆ ಬಂತು, ಬಾಯಿ ಆರೋನನದಾಯಿತು, ಕೆಲಸವು ನೆರವೇರಿತು.

ನಮ್ಮ ಶಾಲೆಗಳು ಮಾಡತಕ್ಕ ಕೆಲಸವು ಇದೇ. ಮಗುವಿನ ತೊಡಕು ಒಂದು ದಿವಸದಲ್ಲಿ ತೊಲಗುವದಿಲ್ಲ. ಅನೇಕರಲ್ಲಿ ಜೀವಮಾನವೆಲ್ಲಾ ಸ್ವಲ್ಪ ಮಟ್ಟಿಗೆ ಉಳಿಯುತ್ತದೆ. ಆದರೆ ತಕ್ಕ ಪಾಠದಿಂದ ಬಹು ಮಂದಿ ಓದಲು ಕಲಿಯುತ್ತಾರೆ; ಕಲಿಯುವ ತನಕ ಅವರಿಗೆ ಆರೋನರು ಬೇಕು. ಪೌಲನು ಕೊರಿಂಥದ ಸಭೆಗೆ ಬರೆದಾಗ ದೇಹದ ಅಂಗಗಳ ದೃಷ್ಟಾಂತದಿಂದ ಕಲಿಸಿದ್ದನ್ನೂ ನೆನಪಿಗೆ ತಂದುಕೊಳ್ಳಿರಿ. ಬಲವಿಲ್ಲದ್ದಾಗಿ ತೋರುವ ಅಂಗವನ್ನು ಯಾರೂ ಕತ್ತರಿಸಿ ಹಾಕುವದಿಲ್ಲ. ಅದನ್ನೇ ಹೆಚ್ಚಾಗಿ ಕಾಪಾಡುತ್ತಾರೆ.

೬. ಉಪಾಧ್ಯಾಯರು ಮಾಡತಕ್ಕದ್ದು

ಮೊದಲನೆಯದು, ಕಿವಿಯ ಅಭ್ಯಾಸ. ಪುಸ್ತಕವಿಲ್ಲದೆ ದಿನಕ್ಕೆ ಐದು ನಿಮಿಷ ಧ್ವನಿಗಳ ಆಟವನ್ನು ಆಡಿಸಿರಿ. ಕಮಲ ಎಂಬ ಮಾತಿನಲ್ಲಿ ಮೊದಲನೆಯ ಅಕ್ಷರವನ್ನು ತೆಗೆದರೆ ಏನು ಉಳಿಯುತ್ತದೆ? ಹಾಲು ಎಂಬದರ ಮೊದಲಿಗೆ ಕಾ ಇಟ್ಟರೆ ಏನಾಗುತ್ತದೆ, ಸಾ ಇಟ್ಟರೆ ಏನಾಗುತ್ತದೆ? ಧ್ವನಿಯನ್ನು ಬಿಡಿಸಲು ಬಾರದವನಿಗೆ ಅಕ್ಷರವು ಬರೀ ಗೆರೆಯಾಗಿರುತ್ತದೆ.

ಎರಡನೆಯದು, ಸ್ವಲ್ಪ ಸ್ವಲ್ಪವಾಗಿ ಕ್ರಮದಿಂದ ಕಲಿಸುವದು. ಒಂದು ಸಾರಿಗೆ ಎರಡು ಮೂರು ಅಕ್ಷರಗಳು ಸಾಕು. ಒಂದನ್ನೊಂದು ಹೋಲುವ ಅಕ್ಷರಗಳನ್ನು ಒಂದೇ ದಿವಸ ಕಲಿಸಬಾರದು. ಬ ಎಂಬದು ಗಟ್ಟಿಯಾಗಿ ನಿಂತ ಮೇಲೆ ಭ ಎಂಬದನ್ನು ತರಬೇಕು. ಕಲಿತ ಅಕ್ಷರಗಳಿಂದಲೇ ಮಾತುಗಳನ್ನು ಕಟ್ಟಿ ಓದಿಸಬೇಕು. ಕಲಿಯದ ಅಕ್ಷರವಿರುವ ಪಾಠವನ್ನು ಮುಂದಿಟ್ಟರೆ ಮಗುವು ಪುನಃ ಊಹೆಗೆ ಬೀಳುವದು. ವಾರಕ್ಕೊಂದು ಸಾರಿ ಎರಡು ತಾಸು ಕೂಡ್ರಿಸುವದಕ್ಕಿಂತ ದಿನಾಲು ಇಪ್ಪತ್ತು ನಿಮಿಷ ಕೂಡ್ರಿಸುವದು ಲೇಸು.

ಮೂರನೆಯದು, ಕಣ್ಣು ಕಿವಿ ಕೈ ಈ ಮೂರನ್ನೂ ಒಟ್ಟಾಗಿ ಉಪಯೋಗಿಸುವದು. ಮಗುವು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತಾ ಅದರ ಧ್ವನಿಯನ್ನು ಗಟ್ಟಿಯಾಗಿ ಹೇಳಲಿ. ಅಮೇರಿಕದಲ್ಲಿ ಸಾಮ್ಯುಯೆಲ್ ಆರ್ಟನ್ ಎಂಬ ವೈದ್ಯನೂ ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಉಪಾಧ್ಯಾಯಿನಿಯೂ ೧೯೩೦ರ ದಶಕದಲ್ಲಿ ಇಂಥಾ ಕ್ರಮವನ್ನು ಬೆಳೆಸಿದರು. ನಮ್ಮ ಅಜ್ಜಂದಿರು ಊರ ಮಠದಲ್ಲಿ ಮರಳಿನ ಮೇಲೆಯೇ ಅಕ್ಷರ ತಿದ್ದಿದವರಾದದರಿಂದ ಈ ಸಾಧನವು ನಮಗೆ ಹೊಸದಲ್ಲ, ಹಣವನ್ನು ಬೇಡುವಂಥಾದ್ದೂ ಅಲ್ಲ.

ನಾಲ್ಕನೆಯದು, ತಿಳುವಳಿಕೆಯನ್ನು ಓದಿನಿಂದ ಬೇರ್ಪಡಿಸಿ ಅಳೆಯುವದು. ಚರಿತ್ರೆಯ ಪಾಠವನ್ನು ಮಗುವು ಗ್ರಹಿಸಿತೋ ಎಂಬದನ್ನು ಬಾಯಿಂದ ಕೇಳಿ ತಿಳಿದುಕೊಳ್ಳಿರಿ. ಪ್ರಶ್ನೆಯನ್ನು ಓದಿ ಹೇಳುವ ಒಬ್ಬ ಗೆಳೆಯನನ್ನು ಪಕ್ಕದಲ್ಲಿ ಕೂಡ್ರಿಸಿರಿ; ಅವನೇ ಆರೋನನು. ಬರೆಯಲು ಹೆಚ್ಚು ಹೊತ್ತು ಕೊಡಿರಿ.

ಐದನೆಯದು, ಮುನ್ಸೂಚನೆಯಿಲ್ಲದೆ ಎಲ್ಲರ ಮುಂದೆ ನಿಲ್ಲಿಸಿ ಓದಿಸಬೇಡಿರಿ. ತಪ್ಪಿದ ಮಾತನ್ನು ನೂರು ಸಾರಿ ಬರೆಯಿಸುವದರಿಂದ ಕೈ ನೋಯುವದೇ ಹೊರತು ಧ್ವನಿಗೂ ಅಕ್ಷರಕ್ಕೂ ಗಂಟು ಬೀಳದು. ದಡ್ಡನೆಂಬ ಮಾತನ್ನು ಶಾಲೆಯ ಹೊಸ್ತಿಲಿನ ಒಳಗೆ ತರಲೇಬೇಡಿರಿ. ಬೆತ್ತವು ಒಂದು ಅಕ್ಷರವನ್ನಾದರೂ ಕಲಿಸಿದ್ದಿಲ್ಲ; ಭಯದಿಂದ ಮುಚ್ಚಿಡುವದನ್ನು ಮಾತ್ರ ಕಲಿಸಿತು. ನನ್ನ ಹುಡುಗನು ಬಾಯಿಪಾಠ ಮಾಡಿದ್ದು ಮೋಸಮಾಡುವದಕ್ಕಲ್ಲ, ನನಗೆ ಹೆದರಿ.

೭. ಹೆತ್ತವರು ಮಾಡತಕ್ಕದ್ದು

ತಾಯಿತಂದೆಗಳೇ, ಇದು ನಿಮ್ಮ ಪಾಪದ ಫಲವಲ್ಲ. ಯಾರ ದೃಷ್ಟಿಯೂ ತಾಕಿದ್ದಲ್ಲ. ಇದಕ್ಕೆ ತಾಯತವೂ ಇಲ್ಲ, ಗುಣಪಡಿಸುವ ಮಾತ್ರೆಯೂ ಇಲ್ಲ. ಹಣ ತೆಗೆದುಕೊಂಡು ತಿಂಗಳೊಳಗೆ ವಾಸಿಮಾಡುವೆನೆಂದು ಹೇಳುವವನನ್ನು ನಂಬಬೇಡಿರಿ. ಓದು ಬಾರದೆಂದು ಹುಡುಗನನ್ನು ಕೂಲಿಗೂ ಹುಡುಗಿಯನ್ನು ಮನೆಗೆಲಸಕ್ಕೂ ಹಚ್ಚಿ ಶಾಲೆಯನ್ನು ಬಿಡಿಸಬೇಡಿರಿ. ಅಕ್ಕನನ್ನೋ ನೆರೆಮನೆಯ ಮಗುವನ್ನೋ ಹೋಲಿಸಿ ಹೀಯಾಳಿಸಬೇಡಿರಿ.

ನಿಮಗೆ ಓದು ಬಾರದಿದ್ದರೂ ನೀವು ಮಾಡಬಹುದಾದ ಕೆಲಸವು ಬಹಳವಿದೆ. ರಾತ್ರಿಯಲ್ಲಿ ಕಥೆ ಹೇಳಿರಿ, ಗಾದೆ ಒಗಟುಗಳನ್ನು ಕೇಳಿರಿ. ಇವುಗಳಿಂದ ಮಗುವಿನ ಮಾತಿನ ಭಂಡಾರವು ತುಂಬುವದು. ಮಗುವು ಸೈಕಲ್ ರಿಪೇರಿಯಲ್ಲಿಯೋ ಹೊಲಿಗೆಯಲ್ಲಿಯೋ ಹಾಡುವದರಲ್ಲಿಯೋ ದನಕರುಗಳ ಆರೈಕೆಯಲ್ಲಿಯೋ ಜಾಣತನವನ್ನು ತೋರಿಸಿದರೆ ಬಾಯಿತುಂಬಾ ಹೊಗಳಿರಿ. ಉಪಾಧ್ಯಾಯರ ಬಳಿಗೆ ದೂರು ಹೇಳುವದಕ್ಕಲ್ಲ, ಕೂಡಿ ಯೋಚಿಸುವದಕ್ಕೆ ಹೋಗಿರಿ. ನೀವೂ ಬಾಲ್ಯದಲ್ಲಿ ಹೀಗೆಯೇ ಕಷ್ಟಪಟ್ಟಿದ್ದರೆ ಅದನ್ನು ನಾಚಿಕೆಪಡದೆ ಮಗುವಿಗೆ ಹೇಳಿರಿ. ತಾನೊಬ್ಬನೇ ಅಲ್ಲವೆಂದು ತಿಳಿಯುವದೇ ಅದಕ್ಕೆ ದೊಡ್ಡ ಆದರಣೆ.

೮. ಸಭೆಯು ಮಾಡತಕ್ಕದ್ದು

ಈ ವಿಷಯದಲ್ಲಿ ನಮ್ಮ ಸಭೆಗಳಿಗೆ ಒಂದು ವಿಶೇಷವಾದ ಅಪಾಯವಿದೆ. ಲಂಡನ್ ಮಿಶನಿನವರು ೧೮೧೦ರಲ್ಲಿ ಬಳ್ಳಾರಿಗೂ, ಬಾಸೆಲ್ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ಬಂದು ಕೆಲಸವನ್ನು ಆರಂಭಿಸಿ, ಸಭೆಯ ಪಕ್ಕದಲ್ಲಿ ಶಾಲೆಯನ್ನೂ ಕಟ್ಟಿದರು. ಬಡವನಾದರೂ ಸತ್ಯವೇದವನ್ನು ತಾನೇ ಓದಬೇಕೆಂಬದು ಅವರ ಆಶೆಯಾಗಿತ್ತು. ಅದು ಒಳ್ಳೇ ಆಶೆ. ಆದರೆ ಪುಸ್ತಕವನ್ನು ಇಷ್ಟಾಗಿ ಗೌರವಿಸುವ ಜನರು, ಓದು ಬಲ್ಲವನೇ ಭಕ್ತನು, ಓದು ಬಾರದವನು ಕಡಿಮೆಯವನು ಎಂದು ತಿಳಿಯದಂತೆಯೇ ಎಣಿಸಲು ಪ್ರಾರಂಭಿಸುತ್ತಾರೆ.

ಆದಿತ್ಯವಾರ ಶಾಲೆಯಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದ ಒಂದೊಂದು ವಚನವನ್ನು ಓದಿಸುವ ಪದ್ಧತಿ ಎಲ್ಲಾ ಕಡೆಯಲ್ಲಿಯೂ ಇದೆ. ತನ್ನ ಸರದಿಗೆ ಯಾವ ವಚನ ಬರುವದೆಂದು ಬೆರಳೆಣಿಸುತ್ತಾ ನಡುಗುತ್ತಿರುವ ಮಗುವು ಆ ಹೊತ್ತಿನಲ್ಲಿ ಕರ್ತನ ಮಾತುಗಳನ್ನು ಕೇಳುವದೋ? ಕೇಳದು. ಓದಲು ಇಷ್ಟವುಳ್ಳವರು ಓದಲಿ. ಮಿಕ್ಕವರು ಕೇಳಿ, ಕೇಳಿದ್ದನ್ನು ತಮ್ಮ ಸ್ವಂತ ಮಾತಿನಲ್ಲಿ ಹೇಳಲಿ, ಇಲ್ಲವೆ ಅಭಿನಯಿಸಿ ತೋರಿಸಲಿ. ಓದಲೇಬೇಕಾದ ವಚನವಿದ್ದರೆ ವಾರದ ಮುಂಚೆಯೇ ಕೊಡಿರಿ.

ದೃಢೀಕರಣದ ಪಾಠಗಳಲ್ಲಿಯೂ ಹೀಗೆಯೇ. ಪ್ರಶ್ನೋತ್ತರದ ಪುಸ್ತಕವನ್ನು ಓದಲಾರನೆಂಬ ಒಂದೇ ಕಾರಣದಿಂದ ಯಾವ ಯೌವನಸ್ಥನನ್ನೂ ಕರ್ತನ ಮೇಜಿನಿಂದ ದೂರ ನಿಲ್ಲಿಸತಕ್ಕದ್ದಲ್ಲ. ಆದಿಸಭೆಯ ಜನರಲ್ಲಿ ಓದು ಬಲ್ಲವರು ಕೊಂಚವೇ. ಅಪೊಸ್ತಲರ ಪತ್ರಗಳನ್ನು ಒಬ್ಬನು ಓದಲು ಮಿಕ್ಕವರು ಕೇಳಿದರು. ಪೌಲನು ರೋಮಾಪುರದವರಿಗೆ ಬರೆಯುವಾಗ ನಂಬಿಕೆಯು ಒಳಗೆ ಬರುವ ಬಾಗಿಲಾಗಿ ಕಿವಿಯನ್ನೇ ತೋರಿಸಿದ್ದಾನೆ. ಈಗಲಾದರೋ ಸತ್ಯವೇದವನ್ನು ಓದಿ ಕೇಳಿಸುವ ಧ್ವನಿಮುದ್ರಣಗಳು ಕೈಯಲ್ಲಿರುವ ಮೊಬೈಲಿನಲ್ಲಿಯೇ ದೊರೆಯುತ್ತವೆ. ಅವುಗಳನ್ನು ಕೇಳಿ ಕಲಿತವನು ಕಣ್ಣಿನಿಂದ ಕಲಿತವನಿಗಿಂತ ಕಡಿಮೆಯವನಲ್ಲ.

೯. ಸರಕಾರದ ಕಾನೂನು ಹೇಳುವದು

೧೯೯೫ರ ಕಾನೂನಿನಲ್ಲಿ ಅಂಗವಿಕಲತೆಯ ೭ ಬಗೆಗಳನ್ನು ಮಾತ್ರ ಹೆಸರಿಸಿದ್ದರು. ಕಲಿಕಾ ನ್ಯೂನತೆಯು ಅವುಗಳಲ್ಲಿ ಇರಲಿಲ್ಲ. ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ ೨೧ ಬಗೆಗಳನ್ನು ಹೆಸರಿಸಿ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿದರು. ಅದು ೨೦೧೭ರಲ್ಲಿ ಜಾರಿಗೆ ಬಂತು. ಸರಕಾರದ ಧನಸಹಾಯವನ್ನಾಗಲಿ ಮಾನ್ಯತೆಯನ್ನಾಗಲಿ ಪಡೆದ ಶಾಲೆಗಳು ಭೇದವಿಲ್ಲದೆ ಇಂಥಾ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂತಲೂ, ಈ ನ್ಯೂನತೆಯನ್ನು ಆದಷ್ಟು ಬೇಗನೆ ಗುರುತಿಸಿ ತಕ್ಕ ರೀತಿಯಲ್ಲಿ ಕಲಿಸಬೇಕೆಂತಲೂ ಅದರ ೧೬ನೆಯ ಪ್ರಕರಣವು ವಿಧಿಸುತ್ತದೆ. ೨೦೧೮ರಲ್ಲಿ ಭಾರತ ಸರಕಾರವು ಕೊಟ್ಟ ಮಾರ್ಗಸೂಚಿಯಲ್ಲಿ, ಮೂರನೆಯ ತರಗತಿಯಲ್ಲಿ ಇಲ್ಲವೆ ಎಂಟನೆಯ ವಯಸ್ಸಿನಲ್ಲಿ ಉಪಾಧ್ಯಾಯರೇ ಮೊದಲನೆಯ ಪರಿಶೀಲನೆಯನ್ನು ಮಾಡಬೇಕೆಂದು ತಿಳಿಸಿದರು. ತಜ್ಞರ ಪ್ರಮಾಣಪತ್ರವಿದ್ದರೆ ಪರೀಕ್ಷೆಗಳಲ್ಲಿ ಹೆಚ್ಚು ಸಮಯವನ್ನೂ ಬರೆದುಕೊಡುವ ಸಹಾಯಕನನ್ನೂ ಕೇಳಿಕೊಳ್ಳಬಹುದು. ಮುಖ್ಯೋಪಾಧ್ಯಾಯರ ಮೂಲಕ ಮುಂಚಿತವಾಗಿಯೇ ಅರ್ಜಿ ಹಾಕತಕ್ಕದ್ದು.

ಇಲ್ಲಿ ಒಂದು ಮಾತನ್ನು ಶಾಲೆಗಳ ಆಡಳಿತ ಮಂಡಳಿಯವರಿಗೆ ವಿನಯದಿಂದ ಹೇಳಬೇಕಾಗಿದೆ. ೨೦೦೯ರ ಶಿಕ್ಷಣ ಹಕ್ಕಿನ ಅಧಿನಿಯಮವು ಮಕ್ಕಳನ್ನು ಹೊಡೆಯುವದನ್ನೂ ಮನಸ್ಸನ್ನು ನೋಯಿಸುವದನ್ನೂ ನಿಷೇಧಿಸಿತು. ಆ ಅಧಿನಿಯಮವು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸುವದಿಲ್ಲವೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. ಆ ತ���ರ್ಪು ನಮ್ಮ ಶಾಲೆಗಳನ್ನು ನಾವೇ ನಡಿಸುವ ಹಕ್ಕನ್ನು ಕಾಪಾಡುವದಕ್ಕಾಗಿ ಬಂದದ್ದು. ಬೆತ್ತವನ್ನು ಕಾಪಾಡುವದಕ್ಕಾಗಿ ಅಲ್ಲ. ನೂರಕ್ಕೆ ನೂರು ಮಂದಿ ತೇರ್ಗಡೆಯಾದರೆಂಬ ಕೀರ್ತಿಗೋಸ್ಕರ ಹಿಂದುಳಿದ ಮಗುವಿನ ಕೈಗೆ ವರ್ಗಾವಣೆ ಪತ್ರವನ್ನು ಕೊಟ್ಟು ಕಳುಹಿಸುವ ಶಾಲೆಯು, ಬಾಗಿಲಿನ ಮೇಲೆ ಯಾವ ಹೆಸರನ್ನು ಬರೆದುಕೊಂಡರೂ ಕ್ರೈಸ್ತ ಶಾಲೆಯೆನಿಸಿಕೊಳ್ಳುವದು ಹೇಗೆ? ಮಕ್ಕಳನ್ನು ತಡೆದ ಶಿಷ್ಯರ ಮೇಲೆ ಕರ್ತನು ಕೋಪಗೊಂಡದ್ದನ್ನು ಮಾರ್ಕನು ಬರೆದಿಟ್ಟಿದ್ದಾನೆ.

೧೦. ಮುಗಿಸುವ ಮಾತು

ಬೆಳೆಹಬ್ಬದ ದಿವಸ ಆ ತಂದೆಗೆ ನಾನು ಕೊಟ್ಟ ಉತ್ತರವು ಹೀಗಿತ್ತು: “ಇವಳು ಕಳ್ಳಿಯಲ್ಲ. ನೀನೂ ಕಳ್ಳನಾಗಿರಲಿಲ್ಲ. ತಪ್ಪು ನನ್ನದು.” ಆತನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅದನ್ನು ಇವಳ ಮಾಸ್ತರರಿಗೂ ಹೇಳಿರಿ” ಎಂದನು. ಮರುದಿನ ನಾವಿಬ್ಬರೂ ಕೂಡಿ ಶಾಲೆಗೆ ಹೋಗಿ ಹೇಳಿದೆವು. ಹುಡುಗಿಯ ಕಣ್ಣು ಕಿವಿಗಳ ಪರೀಕ್ಷೆಯಾಯಿತು. ದೊಡ್ಡ ಆಸ್ಪತ್ರೆಗೆ ಹೋಗಬೇಕಾದ ದಿವಸವು ಗೊತ್ತಾಗಿದೆ. ಅಷ್ಟರೊಳಗೆ ಅವಳ ಉಪಾಧ್ಯಾಯಿನಿಯು ಒಂದು ತಗಡಿನ ತಟ್ಟೆಯಲ್ಲಿ ಮರಳನ್ನು ತುಂಬಿಸಿ ದಿನಾಲು ಇಪ್ಪತ್ತು ನಿಮಿಷ ಅವಳೊಂದಿಗೆ ಕೂಡ್ರುತ್ತಾಳೆ. ಅವಳು ಓದು ಕಲಿತಳೆಂದು ನಾನು ಇನ್ನೂ ಬರೆಯಲಾರೆನು. ಶಾಲೆಗೆ ತಪ್ಪದೆ ಹೋಗುತ್ತಾಳೆಂದು ಮಾತ್ರ ಬರೆಯಬಲ್ಲೆನು.

ವಾಚಕರೇ, ನಿಮ್ಮ ಊರಿನ ಶಾಲೆಯಲ್ಲಿಯೂ ಸಭೆಯಲ್ಲಿಯೂ ಇಂಥಾ ಮಗುವು ಯಾವದೆಂದು ಈ ವಾರದಲ್ಲಿ ವಿಚಾರಿಸಿರಿ. ಶಾಲೆಯನ್ನು ಬಿಟ್ಟು ಹೋಗಿರುವದಾದರೆ, ನಾನು ಮಾಡದೆ ಬಿಟ್ಟದ್ದನ್ನು ನೀವು ಮಾಡಿರಿ: ಅದನ್ನು ಹುಡುಕಿಕೊಂಡು ಹೋಗಿರಿ.

ಕೂಟಗಳಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

೧. ಮೋಶೆಯ ತೊಡಕಿಗೆ ದೇವರು ಯಾವ ಸಹಾಯವನ್ನು ಒದಗಿಸಿದನು? ನಮ್ಮ ಶಾಲೆಯಲ್ಲಿ ಆರೋನನ ಕೆಲಸವನ್ನು ಯಾರು ಮಾಡಬಹುದು?

೨. ಓದಿನ ತೊಡಕಿಗೂ ಬುದ್ಧಿಯ ಕೊರತೆಗೂ ಇರುವ ಭೇದವನ್ನು ಪರ್ಸಿಯ ವೃತ್ತಾಂತದಿಂದ ತೋರಿಸಿರಿ.

೩. ನಮ್ಮ ಆದಿತ್ಯವಾರ ಶಾಲೆಯಲ್ಲಿಯೂ ದೃಢೀಕರಣದ ಪಾಠಗಳಲ್ಲಿಯೂ ಓದಲಾರದ ಮಗುವನ್ನು ನಾಚಿಕೆಪಡಿಸುವ ಯಾವ ಪದ್ಧತಿಗಳಿವೆ? ಅವುಗಳನ್ನು ಹೇಗೆ ಮಾರ್ಪಡಿಸಬಹುದು?

೪. ಕಳೆದ ಐದು ವರುಷಗಳಲ್ಲಿ ನಮ್ಮ ಸಭೆಯ ಯಾವ ಮಕ್ಕಳು ಶಾಲೆಯನ್ನು ಬಿಟ್ಟರು? ಬಿಟ್ಟ ಕಾರಣವನ್ನು ಅವರ ಬಾಯಿಂದಲೇ ಕೇಳಿದವರುಂಟೋ?